ಮೂಲೆಯ ಮೂರು ಹೊಲಿಗೆ

ಈ ಸಂಗತಿಯನ್ನು ನಾನು ಮೂರು ನಾಲ್ಕು ವೇದಿಕೆಗಳ ಮೇಲೆ ಹೇಳಿದ್ದೇನೆ. ಪ್ರತಿ ಸಲವೂ ಜನ ನಕ್ಕಿದ್ದಾರೆ. ಐದನೆಯ ಇಯತ್ತೆಯಲ್ಲಿ ನಾವು ದಿನಾಲು ಒಂದು ಪುಟ ಶುದ್ಧಬರಹ ಬರೆಯಬೇಕಿತ್ತು. ಆ ಪುಟವನ್ನು ಮನೆಯಲ್ಲಿ ಅವ್ವ ನೋಡಬೇಕು, ಶಾಲೆಯಲ್ಲಿ ಅಕ್ಕೋರು ನೋಡಬೇಕು. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಅಕ್ಕೋರು ಓದುತ್ತಿರಲಿಲ್ಲ. ಇಬ್ಬರ ನಡುವೆ ನನಗೊಂದು ಖಾಲಿ ಜಾಗ ಸಿಕ್ಕಿತು. ಅಲ್ಲಿ ಪಾಠ ಬಿಟ್ಟು ಮನಸ್ಸಿಗೆ ಬಂದದ್ದನ್ನು ಬರೆದೆ, ಬರೆಯುವುದನ್ನು ಕಲಿತೆ. ಇಷ್ಟು ಹೇಳಿ ನಾನು ಕುಳಿತುಬಿಡುತ್ತಿದ್ದೆ.

ಹೇಳಿದ್ದರಲ್ಲಿ ಸುಳ್ಳಿಲ್ಲ. ಬಿಟ್ಟದ್ದಿದೆ. ಆ ಪುಸ್ತಕದ ಒಂದು ಪುಟವನ್ನು ಬಿಟ್ಟರೆ ಮಾತ್ರ ಇದು ನಗುವ ಸಂಗತಿಯಾಗುತ್ತದೆ. ಆ ಪುಟದಿಂದ ಒಬ್ಬರ ನೌಕರಿ ಹೋಯಿತು. ಅದನ್ನು ಸೇರಿಸಿ ಬರೆಯಲು ಹಿಂದೆಯೂ ಕೂತಿದ್ದೇನೆ. ಪ್ರತಿ ಸಲ ನೆನಪು ಎಲ್ಲವನ್ನೂ ಒಪ್ಪವಾಗಿ ಜೋಡಿಸಿ ಕೊಟ್ಟಿತು, ಕೊನೆಗೆ ನನ್ನನ್ನು ಕ್ಷಮಿಸಿಯೂ ಬಿಟ್ಟಿತು. ಹರಿದು ಹಾಕಿದೆ. ಈ ಸಲ ಖಾತ್ರಿ ಇಲ್ಲದ ಕಡೆ ಖಾತ್ರಿ ಇಲ್ಲ ಎಂದೇ ಬರೆಯುತ್ತೇನೆ.

ಹೊಸ ಪೈಸೆ ಬಂದು ಎರಡೋ ಮೂರೋ ವರ್ಷವಾಗಿತ್ತು. ಧಾರವಾಡದ ಒಂದು ಓಣಿಯಲ್ಲಿ ನಮ್ಮದು ಎರಡು ಖೋಲಿಯ ಬಾಡಿಗೆ ಮನೆ. ಅಪ್ಪ ಹುಬ್ಬಳ್ಳಿಯ ಗಿರಣಿಯಲ್ಲಿ ಕೆಲಸಕ್ಕಿದ್ದ. ಅಲ್ಲೇ ಉಳಿದು ವಾರಕ್ಕೊಮ್ಮೆ ಸೂಟಿಯ ದಿನ ಬರುತ್ತಿದ್ದ. ಅವ್ವ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಒಂದರ ಮೇಲೊಂದು ಹಾಸಿ, ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಅಳತೆಯ ಹೊಲಿಗೆ ಹಾಕುತ್ತ ಹೋಗುವ ಕೆಲಸ. ಕರೆದವರ ಮನೆಗೆ ಹೋಗಿ ಪಡಸಾಲೆಯಲ್ಲಿ ಕೂತು ಹೊಲಿದು ಬರುತ್ತಿದ್ದಳು. ಕೆಲವೊಮ್ಮೆ ಲಕಮನಹಳ್ಳಿಯವರೆಗೂ ನಡೆದು ಹೋಗುತ್ತಿದ್ದಳು. ಅವಳದೊಂದು ಪದ್ಧತಿ ಇತ್ತು. ಕೊನೆಯ ಮೂಲೆ ಮುಚ್ಚುವ ಮೊದಲು ಆ ಮನೆಯ ಹೆಣ್ಣುಮಗಳಿಂದ ಒಂದು ಚೂರು ಬೆಲ್ಲವನ್ನೋ ರೊಟ್ಟಿಯನ್ನೋ ಕೇಳಿ ಒಳಗಿಟ್ಟು ಹೊಲಿಯುತ್ತಿದ್ದಳು. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ. ಇರುವೆ ಬರುತ್ತವೆ ಎಂದು ಯಾರಾದರೂ ಅಂದರೆ, ಅವಕ್ಕೂ ಹೊಟ್ಟೆ ಇದೆಯಲ್ಲ ಎನ್ನುತ್ತಿದ್ದಳು.

ಅಕ್ಕೋರು ಎಂದರೆ ನಮ್ಮ ಶಿಕ್ಷಕಿ. ಐವತ್ತು ದಾಟಿದವರು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಮ್ಮ ಓಣಿಯ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದು ಒಬ್ಬರೇ ಇದ್ದರು. ನೌಕರಿ ಬಿಟ್ಟರೆ ಅವರಿಗಿದ್ದದ್ದು ಮುಗದ ಎಂಬ ಹಳ್ಳಿಯಲ್ಲಿ ತಮ್ಮನ ಮನೆ. ಅಲ್ಲಿ ತಮ್ಮನ ಹೆಂಡತಿಯ ಕೈಕೆಳಗೆ ಉಣ್ಣುವ ದಿನ ಬರಬಾರದೆಂದು ಅವರು ದೇವರಿಗೆ ಹರಕೆ ಹೊತ್ತಿದ್ದಾರೆ ಎಂದು ಓಣಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಆ ಹೆಂಗಸರಿಗೆ ಗೊತ್ತಿದ್ದದ್ದು ನನಗೂ ಗೊತ್ತಿತ್ತು. ಇದನ್ನು ಮೊದಲೇ ಬರೆದಿಡುತ್ತೇನೆ, ಯಾಕೆಂದರೆ ಹಿಂದೆ ಬರೆದಾಗಲೆಲ್ಲ ಇದನ್ನು ಕೊನೆಗೆ ತಿಳಿದವಳ ಹಾಗೆ ಬರೆದಿದ್ದೆ.

ಆ ವರ್ಷ ಶಾಲೆ ಸುರುವಾದ ಕೂಡಲೇ ಒಂದು ಶನಿವಾರ ಅಕ್ಕೋರು ಎಲ್ಲ ತಾಯಂದಿರನ್ನು ಕರೆಸಿದರು. ಹೆಂಗಸರು ನಮ್ಮ ಮಣೆಗಳ ಮೇಲೆ ಮುದುಡಿಕೊಂಡು ಕೂತರು. ನಾವು ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದೆವು. ಅಕ್ಕೋರು ಹೇಳಿದ್ದು ಇಷ್ಟು: ಹುಡುಗಿಯರು ತಮ್ಮ ಹತ್ತಿರ ದಿನಕ್ಕೆ ಐದು ತಾಸು ಇರುತ್ತಾರೆ, ಉಳಿದ ಹೊತ್ತು ಮನೆಯಲ್ಲಿರುತ್ತಾರೆ. ಹಾಗಾಗಿ ಕಲಿಸುವ ಕೆಲಸದಲ್ಲಿ ಅರ್ಧ ತಮ್ಮದು, ಅರ್ಧ ಮನೆಯವರದು. ಇನ್ನು ಮುಂದೆ ಪ್ರತಿ ದಿನದ ಶುದ್ಧಬರಹವನ್ನು ಮನೆಯವರು ನೋಡಿ ಕೆಳಗೆ ಸಹಿ ಮಾಡಬೇಕು. ಸಹಿ ಬಾರದವರು ಏನು ಮಾಡಬೇಕೆಂದು ಒಬ್ಬಾಕೆ ಕೇಳಿದಳು. ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ ಎಂದರು ಅಕ್ಕೋರು.

"ಹೆಬ್ಬಟ್ಟಂದ್ರ ನನ್ನ ಅಕ್ಷರ ಭಾಳ ಛಲೋ ಅದಾವ್ರಿ ಅಕ್ಕೋರ," ಎಂದಳು ಅವಳು. ಎಲ್ಲರೂ ನಕ್ಕರು. ಅಕ್ಕೋರೂ ನಕ್ಕರು. ಅವ್ವ ನಗಲಿಲ್ಲ.

ಮನೆಗೆ ಬಂದು ನಾನು ಮೊದಲ ಪುಟ ಬರೆದು, ದೌತಿಯ ಮಸಿಯನ್ನು ಬಟ್ಟೆಗೆ ಹಚ್ಚಿ ಅವ್ವನ ಮುಂದೆ ಹಿಡಿದೆ. ಅವಳು ಬಟ್ಟೆಯನ್ನು ಸರಿಸಿದಳು.

"ಹೆಬ್ಬಟ್ಟ ಒತ್ತೂದು ಚಾವಡ್ಯಾಗ. ಮಗಳ ಪುಸ್ತಕದಾಗ ಒತ್ತಂಗಿಲ್ಲ."

ಕೌದಿಯಲ್ಲಿ ಚುಚ್ಚಿಟ್ಟ ಸೂಜಿಯನ್ನು ತೆಗೆದುಕೊಂಡು, ಪುಟದ ಕೆಳಗಿನ ಮೂಲೆಯಲ್ಲಿ ಮೂರು ಹೊಲಿಗೆ ಹಾಕಿ ದಾರ ಕಡಿದಳು. ಆ ವಾರ ಕೆಂಪು ದಾರ ನಡೆದಿತ್ತೆಂದು ನೆನಪು. ಕೆಂಪೇ ಏಕೆ ನೆನಪಿದೆ ಎಂದು ಕೇಳಿಕೊಂಡರೆ ಅನುಮಾನ ಬರುತ್ತದೆ. ನೀಲಿಯೂ ಇದ್ದಿರಬಹುದು. ಯಾವ ಮನೆಯ ಕೌದಿ ನಡೆದಿರುತ್ತಿತ್ತೋ ಆ ದಾರ ನನ್ನ ಪುಸ್ತಕಕ್ಕೂ ಬರುತ್ತಿತ್ತು.

ಮರುದಿನ ಅಕ್ಕೋರು ಪುಟದ ಮೇಲೆ ಕೈಯಾಡಿಸುತ್ತ ಆ ಮೂಲೆಗೆ ಬಂದು ನಿಂತರು. ಇದೇನೆಂದು ಕೇಳಿದರು. ನಮ್ಮವ್ವನ ಸಹಿ ಎಂದೆ. ಹಿಂದೆ ಯಾರೋ ಕಿಸಕ್ಕೆಂದರು. ಅಕ್ಕೋರು ಹೆಬ್ಬೆರಳಿನಿಂದ ಆ ಹೊಲಿಗೆಯನ್ನು ಎರಡು ಸಲ ಸವರಿದರು.

"ಛಲೋ ಆತು. ಇದನ್ನ ಯಾರೂ ಖೊಟ್ಟಿ ಮಾಡಲಿಕ್ಕೆ ಆಗೂದಿಲ್ಲ," ಎಂದು ಕೆಂಪು ಪೆನ್ಸಿಲಿನಿಂದ ಅದರ ಪಕ್ಕ ಒಂದು ಗೀಟು ಎಳೆದರು.

ಅವ್ವ ನನ್ನ ಪುಟವನ್ನು ನೋಡುವ ರೀತಿ ಬೇರೆ ಇತ್ತು. ಪುಸ್ತಕವನ್ನು ಕೈಯಳತೆ ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಎಡದಿಂದ ಬಲಕ್ಕೆ ನೋಡುತ್ತ ಕೆಳಗಿಳಿಯುತ್ತಿದ್ದಳು. ಮುಗಿದ ಕೌದಿಯನ್ನು ಗೋಡೆಗೆ ಹಿಡಿದು ನೋಡುವಾಗ ಹೇಗೋ ಹಾಗೆ. ಒಂದು ಕಡೆ ಬೆರಳಿಟ್ಟು, ಇಲ್ಲಿ ನಿನ್ನ ಕೈ ಅವಸರ ಮಾಡಿದೆ ಎನ್ನುತ್ತಿದ್ದಳು. ನಿಜವಾಗಿಯೂ ಅಲ್ಲಿ ನಾನು ಆಟಕ್ಕೆ ಓಡಲು ಅವಸರ ಮಾಡಿರುತ್ತಿದ್ದೆ. ಇಲ್ಲಿ ಸಿಟ್ಟಿಗೆದ್ದಿದ್ದೆ ಎನ್ನುತ್ತಿದ್ದಳು. ಎದ್ದಿರುತ್ತಿದ್ದೆ. ಸಾಲು ಸಮ ಇಲ್ಲದಿದ್ದರೆ ಇಡೀ ಪುಟ ಮತ್ತೆ ಬರೆಸುತ್ತಿದ್ದಳು. ಸಮ ಇದ್ದರೆ ಮೂರು ಹೊಲಿಗೆ. ಹೀಗೆ ಓದಲು ಬಾರದವಳ ಕೈಯಲ್ಲಿ ನನ್ನ ಅಕ್ಷರ ತಿದ್ದಿಕೊಂಡಿತು. ದೀಪಾವಳಿಯ ಹೊತ್ತಿಗೆ ಇಡೀ ವರ್ಗದಲ್ಲಿ ನನ್ನದೇ ಚೆಂದದ ಅಕ್ಷರ ಎಂಬ ಮಾತಾಗಿತ್ತು.

ಅಕ್ಕೋರು ನೋಡುವ ರೀತಿ ಇನ್ನೂ ಬೇರೆ. ಪುಸ್ತಕ ತೋರಿಸುವಾಗ ಪ್ರತಿಯೊಬ್ಬ ಹುಡುಗಿಯೂ ಅವರ ಮುಂದೆ ಹೋಗಿ ತನ್ನ ಹೆಸರು ಹೇಳಿ ಪುಸ್ತಕ ಕೊಡುತ್ತಿದ್ದಳು. ಅದು ಶಾಲೆಯ ಶಿಸ್ತು ಎಂದು ನಾನು ತಿಳಿದಿದ್ದೆ. ಸಹಿ ಎಲ್ಲಿದೆ ಎಂದು ಅಕ್ಕೋರು ಕೇಳುತ್ತಿದ್ದರು. ಹುಡುಗಿ ಬೆರಳಿಟ್ಟು ತೋರಿಸುತ್ತಿದ್ದಳು, ಬೆರಳಿದ್ದಲ್ಲಿ ಗೀಟು ಬೀಳುತ್ತಿತ್ತು. ನನ್ನದಕ್ಕೆ ಮಾತ್ರ ತೋರಿಸಬೇಕಾಗಿರಲಿಲ್ಲ, ಅವರ ಹೆಬ್ಬೆರಳು ತಾನೇ ಮೂಲೆಗೆ ಹೋಗುತ್ತಿತ್ತು. ಪಾಠ ಮಾಡುವಾಗ ಪುಸ್ತಕ ತೆರೆಯುತ್ತಿರಲಿಲ್ಲ. ಎಲ್ಲವೂ ಬಾಯಲ್ಲಿತ್ತು. ಹಲಗೆಯ ಮೇಲೆ ಬರೆಯುವುದನ್ನು ನಮ್ಮಿಂದಲೇ ಮಾಡಿಸುತ್ತಿದ್ದರು. ಅಷ್ಟು ಚೆನ್ನಾಗಿ ಕಲಿಸುವವರನ್ನು ನಾನು ಮುಂದೆ ಕಾಲೇಜಿನಲ್ಲೂ ಕಾಣಲಿಲ್ಲ. ಇದು ಅಪರಾಧಿಯ ಹೊಗಳಿಕೆ ಅನ್ನಿಸಬಹುದು. ಅನ್ನಿಸಲಿ.

ಪಾಠ ಬಿಟ್ಟು ಬರೆಯತೊಡಗಿದ್ದು ಸೋಮಾರಿತನದಿಂದ. ಒಂದು ದಿನ ಒಂದೇ ಸಾಲನ್ನು ಹತ್ತು ಸಲ ಬರೆದು ಪುಟ ತುಂಬಿಸಿದೆ. ಅಕ್ಷರ ಸಮ ಇತ್ತು, ಅವ್ವ ಹೊಲಿದಳು. ಹೊಲಿಗೆ ಇತ್ತು, ಅಕ್ಕೋರು ಗೀಟು ಹಾಕಿದರು. ಮರುದಿನ ಅಂಜುತ್ತಲೇ ಬರೆದೆ: ಇವತ್ತು ಮಳೆ ಇಲ್ಲದಿದ್ದರೂ ಎದುರು ಮನೆಯ ಕಾಕೂ ಕೊಡೆ ಹಿಡಿದು ಹೋದರು. ಆಮೇಲೆ ಬರೆದೆ: ಅವ್ವ ಸೂಜಿಗೆ ದಾರ ಪೋಣಿಸುವಾಗ ನಾಲಿಗೆ ಹೊರಗೆ ಹಾಕುತ್ತಾಳೆ. ಅಪ್ಪ ಹುಬ್ಬಳ್ಳಿಗೆ ಹೊರಟಾಗ ಹಿಂದೆ ತಿರುಗಿ ನೋಡುವುದಿಲ್ಲ, ಅವ್ವ ನಿಂತಿರುತ್ತಾಳೆಂದು ಅವನಿಗೆ ಗೊತ್ತು. ಈ ಸಾಲುಗಳನ್ನು ಈಗ ಮಾತಿಗೆ ಮಾತು ಉದ್ಧರಿಸುತ್ತಿದ್ದೇನೆ ಎಂದು ನಂಬಬೇಡಿ. ಪುಸ್ತಕ ನನ್ನ ಹತ್ತಿರ ಇಲ್ಲ. ಹತ್ತು ವರ್ಷದವಳು ಇಷ್ಟು ಚೊಕ್ಕಾಗಿ ಬರೆದಿರಲಾರಳು.

ಒಂದು ಪುಟ ಮಾತ್ರ ಮಾತಿಗೆ ಮಾತು ನೆನಪಿದೆ. ಅದರಲ್ಲಿ ಮೂರೇ ಸಾಲು.

ಅಕ್ಕೋರಿಗೆ ಕಣ್ಣು ಕಾಣಿಸುವುದಿಲ್ಲ. ಅವರು ದಾರವನ್ನು ಮುಟ್ಟಿ ಗೀಟು ಹಾಕುತ್ತಾರೆ. ಇದು ನನಗೊಬ್ಬಳಿಗೇ ಗೊತ್ತು.

ಹೇಗೆ ಗೊತ್ತಾಯಿತು? ಒಂದು ದಿನ ಪುಸ್ತಕವನ್ನು ತಲೆಕೆಳಗಾಗಿ ಕೊಟ್ಟಿದ್ದೆ. ಬೇಕೆಂದೇ ಕೊಟ್ಟೆನೋ, ಕೈ ತಪ್ಪಿತೋ, ಹೇಳಲಾರೆ. ಅವರ ಹೆಬ್ಬೆರಳು ಮೂಲೆಯಿಂದ ಮೂಲೆಗೆ ಹೋಗಿ ಹೊಲಿಗೆಯನ್ನು ಮೇಲ್ಗಡೆ ಹುಡುಕಿ ತೆಗೆಯಿತು. ಗೀಟು ಅಲ್ಲೇ ಬಿತ್ತು. ಅವರ ಕಣ್ಣು ಆ ಹೊತ್ತಿಗೆ ನನ್ನ ಭುಜದ ಆಚೆ ಎಲ್ಲೋ ಇತ್ತು. ಗೊತ್ತಾದದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಬರೆದೆ. ಸಾಲು ಮೂರೇ ಆದರೂ ಸಮ ಇದ್ದವೆಂದು ಅವ್ವ ಹೊಲಿದಳು, ಅಕ್ಕೋರು ಅದಕ್ಕೂ ಗೀಟು ಹಾಕಿದರು.

ಪೌಷದ ಚಳಿಯಲ್ಲಿ ದಿಪೋಟಿ ಸಾಹೇಬರು ಬರುತ್ತಾರೆಂದು ಸುದ್ದಿಯಾಯಿತು. ಶಾಲೆಗಳ ತಪಾಸಣೆಗೆ ಬರುವ ಅಧಿಕಾರಿಗೆ ನಮ್ಮ ಕಡೆ ಹಾಗೆ ಹೇಳುತ್ತಿದ್ದೆವು. ನೆಲ ಸಾರಿಸಿದೆವು, ತೋರಣ ಕಟ್ಟಿದೆವು. ಹಿಂದಿನ ದಿನ ಶಾಲೆ ಬಿಟ್ಟ ಮೇಲೆ ಪುಸ್ತಕಗಳನ್ನು ಜೋಡಿಸಲು ಅಕ್ಕೋರು ನನ್ನನ್ನು ನಿಲ್ಲಿಸಿಕೊಂಡರು. ಬಿಸಿಲು ಇನ್ನೂ ಮಣೆಗಳ ಮೇಲಿತ್ತು. ನಾನು ಶುದ್ಧಬರಹದ ಪುಸ್ತಕಗಳ ಗಂಟು ಬಿಚ್ಚಿದೆ.

"ನಿನ್ನ ಅಕ್ಷರ ಛಲೋ ಅದಾವ ಅಂತ ಎಲ್ಲಾರೂ ಅಂತಾರ," ಎಂದರು ಅಕ್ಕೋರು. "ನಿನ್ನ ಪುಸ್ತಕ ಎಲ್ಲಾದಕ್ಕೂ ಮ್ಯಾಲೆ ಇಡ್ತೇನಿ. ಇಡಲ್ಯೇನು?"

ಅವರು ಯಾಕೆ ಕೇಳಿದರು? ಇಡುತ್ತೇನೆ ಎಂದರೆ ಸಾಕಿತ್ತು. ಅವರಿಗೆ ಏನೋ ಅನುಮಾನ ಇತ್ತೇ? ನನಗೊಂದು ಬಾಗಿಲು ತೆರೆದಿಟ್ಟರೇ? ಐವತ್ತು ವರ್ಷ ಇದನ್ನು ತಿರುವಿ ನೋಡಿದ್ದೇನೆ. ಸುಮ್ಮನೆ ಮಾತಿಗೆ ಕೇಳಿದ್ದೂ ಇರಬಹುದು. ದೊಡ್ಡವರು ಮಕ್ಕಳನ್ನು ಹಾಗೆ ಕೇಳುತ್ತಾರೆ.

ಪುಸ್ತಕಕ್ಕೆ ಮಸಿ ಚೆಲ್ಲಿದೆ ಎನ್ನಬಹುದಿತ್ತು. ಮನೆಯಲ್ಲಿ ಮರೆತು ಬಂದಿದ್ದೇನೆ ಎಂದು ಲಂಗದ ಮರೆಯಲ್ಲಿ ಒಯ್ಯಬಹುದಿತ್ತು. ಆ ಪುಟವನ್ನು ಹರಿದು ತಿಂದುಬಿಡಬಹುದಿತ್ತು. ಆ ಸಾಲು ಅದರಲ್ಲಿದೆ ಎಂಬುದು ಆ ಹೊತ್ತಿಗೆ ಮರೆತಿತ್ತು ಎಂದು ಒಂದು ಸಲ ಬರೆದಿದ್ದೆ. ಮರೆತಿರಲಿಲ್ಲ. ಅವರು ಕೇಳಿದಾಗ ನನ್ನ ಬೆರಳು ಆ ಪುಟದ ಮೇಲೇ ಇತ್ತು.

"ಹೂಂ ರೀ," ಎಂದೆ.

ನನಗೆ ಯಾರಾದರೂ ಓದಬೇಕಾಗಿತ್ತು. ಆರು ತಿಂಗಳು ಪುಟದ ಮೇಲೆ ಪುಟ ತುಂಬಿಸಿದ್ದೆ. ಒಬ್ಬರು ಸಾಲಿನ ಅಂದ ನೋಡಿದರು, ಒಬ್ಬರು ದಾರ ಮುಟ್ಟಿದರು. ದೂರದಿಂದ ಬರುವ, ಕನ್ನಡಕ ಹಾಕುವ, ಓದುವುದೇ ಉದ್ಯೋಗವಾದ ಒಬ್ಬ ಮನುಷ್ಯ ನನ್ನನ್ನು ಓದಬೇಕಾಗಿತ್ತು. ಅದರಿಂದ ಅಕ್ಕೋರ ನೌಕರಿ ಹೋಗುತ್ತದೆ ಎಂದು ಹತ್ತು ವರ್ಷದವಳಿಗೆ ಎಷ್ಟು ಗೊತ್ತಿರಲು ಸಾಧ್ಯ ಎಂದು ಗೆಳೆಯರು ಸಮಾಧಾನ ಹೇಳಿದ್ದಾರೆ. ಮುಗದದ ಸಂಗತಿ ಗೊತ್ತಿತ್ತು ಎಂದು ಮೇಲೆ ಬರೆದಿದ್ದೇನೆ.

ದಿಪೋಟಿ ಸಾಹೇಬರು ಮೈಸೂರ ಕಡೆಯವರು. ಕೋಟು, ಮೆತ್ತಗಿನ ಮಾತು. ನಮ್ಮ ವರ್ಗಕ್ಕೆ ಬಂದು ಮಗ್ಗಿ ಕೇಳಿದರು, ಪದ್ಯ ಕೇಳಿದರು. ಎಲ್ಲರೂ ಪಟಪಟ ಹೇಳಿದೆವು. ಅವರಿಗೆ ಸಂತೋಷವಾದದ್ದು ಕಾಣುತ್ತಿತ್ತು. ಆಮೇಲೆ ಮೇಲಿನ ಪುಸ್ತಕ ಕೈಗೆತ್ತಿಕೊಂಡರು. ಅಕ್ಷರ ನೋಡಿ ತಲೆ ಆಡಿಸಿದರು. ಪುಟ ತಿರುವಿದರು. ನಕ್ಕರು. ಕೊಡೆಯ ಕಾಕೂ ಇರಬೇಕು, ಅಥವಾ ಅವ್ವನ ನಾಲಿಗೆ. ನನಗೆ ಆಗ ಆದ ಹಿಗ್ಗು ಆಮೇಲೆ ಯಾವ ಪುಸ್ತಕ ಅಚ್ಚಾದಾಗಲೂ ಆಗಿಲ್ಲ. ಇದನ್ನು ಹೇಳದೆ ಉಳಿದದ್ದನ್ನು ಹೇಳುವುದು ಸರಿಯಲ್ಲ.

ಆಮೇಲೆ ಅವರು ಒಂದು ಪುಟದಲ್ಲಿ ನಿಂತರು. ಅಕ್ಕೋರನ್ನು ನೋಡಿದರು. ಪುಟವನ್ನು ನೋಡಿದರು. ಪುಸ್ತಕವನ್ನು ಹಾಗೇ ತೆರೆದು ಅಕ್ಕೋರ ಕೈಗೆ ಕೊಟ್ಟರು.

"ಇದನ್ನ ಸ್ವಲ್ಪ ಓದ್ತೀರಾ, ತಾಯಿ?"

ಅಕ್ಕೋರು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದರು. ಹೆಬ್ಬೆರಳು ಮೂಲೆಗೆ ಹೋಗಿ ಹೊಲಿಗೆಯನ್ನು ಮುಟ್ಟಿತು. ನನ್ನ ಪುಸ್ತಕ ಎಂದು ತಿಳಿಯಿತು. ಆ ವಾರ ಬೇವಿನ ಗಿಡದ ಪಾಠ ನಡೆದಿತ್ತು. ಅವರು ಬೇವಿನ ಗಿಡದ ಪಾಠವನ್ನು ಓದಿದರು. ಬೇವಿನ ನೆರಳು, ಬೇವಿನ ಕಡ್ಡಿ, ಬೇವಿನ ಎಣ್ಣೆ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತರು. ಸಾಲು ಮುಗಿದಲ್ಲಿ ಮುಖವನ್ನು ಎಡಕ್ಕೆ ಹೊರಳಿಸಿ ಮುಂದಿನ ಸಾಲಿಗೆ ಬಂದರು. ಒಂದು ಮಾತೂ ತಪ್ಪಲಿಲ್ಲ. ದಿಪೋಟಿ ಸಾಹೇಬರು ಅವರ ಪಕ್ಕದಲ್ಲಿ ನಿಂತು ನನ್ನ ಮೂರು ಸಾಲುಗಳನ್ನು ನೋಡುತ್ತಿದ್ದರು.

"ಸರಿ," ಎಂದರು ಕೊನೆಗೆ. ಪುಸ್ತಕ ಯಾರದೆಂದು ಕೇಳಿದರು. ನಾನು ಕೈ ಎತ್ತಿದೆ. ಅವರು ನನ್ನನ್ನು ನೋಡಿದ ನೋಟವನ್ನು ನಾಲ್ಕು ರೀತಿಯಲ್ಲಿ ಬರೆದು ನೋಡಿದ್ದೇನೆ. ನಾಲ್ಕೂ ನನ್ನವು, ಅವರದಲ್ಲ.

ಅವರು ಪುಸ್ತಕವನ್ನು ತಮ್ಮೊಂದಿಗೆ ಒಯ್ದು, ಹೆಡ್ ಮಾಸ್ತರರ ಖೋಲಿಯಲ್ಲಿ ಕೂತು ಶೇರಾ ಎಂಬ ತಪಾಸಣೆಯ ಟಿಪ್ಪಣಿ ಬರೆದು ಹೋದರು. ಒಂದು ವಾರದೊಳಗೆ ಅಕ್ಕೋರಿಗೆ ಸರಕಾರಿ ದವಾಖಾನೆಯಲ್ಲಿ ಕಣ್ಣು ತೋರಿಸಿ ಸರ್ಟಿಫಿಕೇಟ್ ತರಬೇಕೆಂದು ಪತ್ರ ಬಂತು. ಅವರು ರಜೆಯ ಮೇಲೆ ಹೋದರು. ಅವರ ಜಾಗಕ್ಕೆ ಒಬ್ಬ ಎಳೆಯ ಅಕ್ಕೋರು ಬಂದರು. ಹುಡುಗಿಯರು ಹಳೆಯ ರೂಢಿಯಂತೆ ಹೆಸರು ಹೇಳಿ ಪುಸ್ತಕ ಕೊಟ್ಟರೆ ಅವರಿಗೆ ಅದು ತಮಾಷೆಯಾಗಿ ಕಂಡಿತು.

ಹೆಡ್ ಮಾಸ್ತರರು ಅವ್ವನನ್ನು ಕರೆಸಿದರು. ನಾನೂ ಪಕ್ಕದಲ್ಲಿ ನಿಂತಿದ್ದೆ. ಮೇಜಿನ ಮೇಲೆ ನನ್ನ ಪುಸ್ತಕ ಇತ್ತು. ಇಡೀ ವರ್ಷ ಮಗಳು ಪಾಠ ಬಿಟ್ಟು ಹಾಳುಮೂಳು ಬರೆದಿದ್ದಾಳೆ, ಪ್ರತಿ ಪುಟಕ್ಕೂ ನಿಮ್ಮ ಗುರುತು ಇದೆ, ಮನೆಯಲ್ಲಿ ಒಬ್ಬರಾದರೂ ಓದಿ ನೋಡಬೇಕೆಂದು ಅನ್ನಿಸಲಿಲ್ಲವೇ ಎಂದು ಕೇಳಿದರು.

ಅವ್ವ ಸೆರಗು ಸರಿಮಾಡಿಕೊಂಡಳು.

"ಸಾಲ್ಯಾಗ ಓದ್ತಾರಂತ ತಿಳಕೊಂಡಿದ್ನಿರಿ," ಎಂದಳು.

ಹೆಡ್ ಮಾಸ್ತರರು ಪುಸ್ತಕವನ್ನು ಅವಳ ಕಡೆ ಸರಿಸಿದರು.

ಆ ಸಂಜೆ ಅವ್ವ ಒಲೆ ಹಚ್ಚಲಿಲ್ಲ. ಬಾಗಿಲ ಹತ್ತಿರ ಬೆಳಕಿದ್ದಲ್ಲಿ ಕೂತು, ಓದು ಎಂದಳು. ಮೊದಲ ಪುಟದಿಂದ ಓದಿದೆ. ಕೊಡೆಯ ಕಾಕೂ ಬಂದಾಗ ಅವಳ ತುಟಿ ಅಲುಗಿತು. ತನ್ನ ನಾಲಿಗೆಯ ಸುದ್ದಿ ಬಂದಾಗ ನಕ್ಕುಬಿಟ್ಟಳು, ಕೂಡಲೇ ತಡೆದುಕೊಂಡಳು. ಅಪ್ಪ ತಿರುಗಿ ನೋಡದ ಸುದ್ದಿಗೆ ಬಾಗಿಲ ಹೊರಗೆ ನೋಡಿದಳು. ಆ ಮೂರು ಸಾಲಿನ ಪುಟ ಬಂತು. ಏನು ಬರೆದದ್ದಕ್ಕೆ ಶಾಲೆಯಲ್ಲಿ ಏನಾಯಿತೆಂದು ಅವಳಿಗೆ ಇನ್ನೂ ಪೂರಾ ತಿಳಿದಿರಲಿಲ್ಲ. ನಾನು ಕಣ್ಣನ್ನು ಪುಟದ ಮೇಲಿಟ್ಟು ಬೇವಿನ ಗಿಡದ ಪಾಠ ಹೇಳತೊಡಗಿದೆ. ಅಕ್ಕೋರು ಹೇಳಿದ ಹಾಗೇ ಹೇಳಿದೆ. ಅವರಷ್ಟು ಚೆನ್ನಾಗಿ ಬರಲಿಲ್ಲ.

ಅವ್ವ ಕೈ ಚಾಚಿ ಪುಸ್ತಕ ತೆಗೆದುಕೊಂಡಳು. ದೂರ ಹಿಡಿದಳು.

"ಇಲ್ಲೆ ಮೂರ ಸಾಲ ಅದಾವು. ನೀ ಅಷ್ಟೊತ್ತಿಂದ ಓದಾಕತ್ತೀ," ಎಂದಳು. ಆಮೇಲೆ ಬೆರಳನ್ನು ಸಾಲಿನ ಕೆಳಗೆ ನಿಧಾನವಾಗಿ ಎಳೆದಳು. "ಇಡೀ ಪುಸ್ತಕದಾಗ ಇಷ್ಟ ಸಾವಕಾಶ ಎಲ್ಲೂ ಬರದಿಲ್ಲ. ಬೇವಿನ ಗಿಡಕ್ಕ ಇಷ್ಟ್ಯಾಕ ಸಾವಕಾಶ?"

ಆಗ ಇದ್ದದ್ದನ್ನು ಓದಿದೆ.

ಅವಳು ಹೊಡೆಯಲಿಲ್ಲ. ಹೊಡೆದಿದ್ದರೆ ಮುಗಿದುಹೋಗುತ್ತಿತ್ತು. ಪುಸ್ತಕ ಜೋಡಿಸುವ ದಿನ ಏನಾಯಿತೆಂದು ಕೇಳಿದಳು, ಹೇಳಿದೆ. ಅವಳು ಆ ಪುಟದ ಮೂಲೆಯನ್ನು ನೋಡುತ್ತ ಕೂತಳು.

"ಗೊತ್ತಿದ್ದ ಬರದಿ. ಗೊತ್ತಿದ್ದ ಮ್ಯಾಲಿಟ್ಟಿ," ಎಂದಳು. ಹೊಲಿಗೆಯ ಮೇಲೆ ಬೆರಳಿಟ್ಟು, "ನಾ ಗೊತ್ತಿಲ್ಲದ ಹೊಲದ್ನಿ," ಎಂದಳು.

ಅಕ್ಕೋರು ಖೋಲಿ ಖಾಲಿ ಮಾಡುವ ತಯಾರಿಯಲ್ಲಿದ್ದರು. ಮುಗದದಿಂದ ತಮ್ಮ ಬಂದು ಒಂದು ಕಂತೆ ಸಾಮಾನು ಆಗಲೇ ಒಯ್ದಿದ್ದ. ಅವ್ವ ಕರೆಯದಿದ್ದರೂ ಅವರ ಮನೆಗೆ ಹೋದಳು. ನಿಮ್ಮ ಹಳೆಯ ಸೀರೆಗಳಿದ್ದರೆ ಕೊಡಿ, ಹೋಗುವಷ್ಟರಲ್ಲಿ ಒಂದು ಕೌದಿ ಹೊಲಿದು ಕೊಡುತ್ತೇನೆ ಎಂದಳು. ಅಕ್ಕೋರು ಮೊದಲು ಬೇಡವೆಂದರು, ಆಮೇಲೆ ಟ್ರಂಕು ತೆರೆದರು. ನಾಲ್ಕು ದಿನ ಶಾಲೆ ಬಿಟ್ಟ ಮೇಲೆ ನನ್ನನ್ನೂ ಅಲ್ಲಿಗೆ ಬರಹೇಳಿದಳು. ನಾನು ಗೋಡೆಗೆ ಒರಗಿ ಕೂರುತ್ತಿದ್ದೆ. ಅಕ್ಕೋರು ನನ್ನೊಂದಿಗೆ ಮಾತಾಡಲಿಲ್ಲ, ಬೈಯಲೂ ಇಲ್ಲ. ಅವ್ವ ಹೊಲಿದಷ್ಟನ್ನು ಅವರು ಬೆರಳಿನಿಂದ ಸವರಿ ನೋಡುತ್ತಿದ್ದರು. ಇದು ಯಾವ ಸೀರೆ ಎಂದು ಅವ್ವ ಬಣ್ಣ ಹೇಳಿದರೆ, ಅದನ್ನು ಯಾವಾಗ ಕೊಂಡದ್ದೆಂದು ಅವರು ಹೇಳುತ್ತಿದ್ದರು.

ನಾಲ್ಕನೆಯ ದಿನ ಒಂದೇ ಮೂಲೆ ಉಳಿದಿತ್ತು. ಅವ್ವ ಸೂಜಿ ನಿಲ್ಲಿಸಿದಳು. ಚೀಲದಿಂದ ನನ್ನ ಪುಸ್ತಕ ತೆಗೆದು, ಆ ಮೂರು ಸಾಲಿನ ಪುಟ ತೆರೆದು ನನ್ನ ಮುಂದೆ ಇಟ್ಟಳು.

"ಅಕ್ಕೋರಿಗೆ ಓದಿ ತೋರ್ಸು."

ಓದಿದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಅಕ್ಕೋರು ಇನ್ನೊಮ್ಮೆ ಎಂದರು. ಇನ್ನೊಮ್ಮೆ ಓದಿದೆ. ಅವರು ಕೌದಿಯ ಮೇಲೆ ಕೈಯಿಟ್ಟುಕೊಂಡು ಕೇಳಿದರು.

"ಮೊದಲನೇದು ಖರೇ. ಎರಡನೇದೂ ಖರೇ," ಎಂದರು. "ಮೂರನೇದು ಸುಳ್ಳು. ನಿನಗೊಬ್ಬಾಕಿಗೇ ಗೊತ್ತಿತ್ತಂತ ಯಾರ್ ಹೇಳಿದ್ರು? ಆ ಹುಡುಗ್ಯಾರು ದಿನಾ ತಮ್ಮ ಹೆಸರು ಹೇಳಿ ಪುಸ್ತಕ ಕೊಡತಿದ್ರು. ಯಾಕಂತ ತಿಳದಿದ್ದಿ?"

ಶಾಲೆಯ ಶಿಸ್ತು ಎಂದು ತಿಳಿದಿದ್ದೆ ಎಂದೆ.

"ನಾ ಹೇಳಿಕೊಟ್ಟದ್ದಲ್ಲ ಅದು. ಎಲ್ಲಾರಿಗೂ ಗೊತ್ತಿತ್ತು, ನಿಮಗಿಂತ ಮೊದಲಿನ ವರ್ಗದವರಿಗೂ. ಎರಡು ವರ್ಷ ಯಾರೂ ಬಾಯಿ ಬಿಡಲಿಲ್ಲ." ಆಮೇಲೆ ವರ್ಗದಲ್ಲಿ ಹೇಳುವ ಧ್ವನಿಯಲ್ಲೇ ಹೇಳಿದರು, "ತಿದ್ದಿ ಬರಿ."

ನನ್ನ ಹತ್ತಿರ ಬರೆಯುವ ಟಾಕಾಗಲಿ ಮಸಿಯಾಗಲಿ ಇರಲಿಲ್ಲ. ಅಕ್ಕೋರು ಗೂಡಿನಲ್ಲಿ ತಡಕಿ ತಮ್ಮ ಕೆಂಪು ಪೆನ್ಸಿಲು ಕೊಟ್ಟರು. ಮೂರನೆಯ ಸಾಲಿಗೆ ಗೀಟೆಳೆದು ಕೆಳಗೆ, ಇದು ಎಲ್ಲರಿಗೂ ಗೊತ್ತಿತ್ತು ಎಂದು ಬರೆದೆ. ಏನು ಬರೆದೆಯೆಂದು ಓದಿಸಿಕೊಂಡರು. ಪುಸ್ತಕ ತಮ್ಮ ಹತ್ತಿರವೇ ಇರಲಿ, ಮುಗದದಲ್ಲಿ ತಮ್ಮನ ಮಗಳು ಓದಿ ಹೇಳುತ್ತಾಳೆ ಎಂದು ತೊಡೆಯ ಮೇಲೆ ಇಟ್ಟುಕೊಂಡರು.

ಕಥೆಯಾಗಿದ್ದರೆ ಆ ಪುಟವನ್ನು ಕೌದಿಯ ಹೊಟ್ಟೆಗೆ ಹಾಕಿ ಹೊಲಿಯಬಹುದಿತ್ತು. ಒಮ್ಮೆ ಹಾಗೆ ಬರೆದೂ ಇದ್ದೇನೆ. ಅವ್ವ ಕೇಳಿದ್ದು ಬೆಲ್ಲ. ಅಕ್ಕೋರು ಡಬ್ಬಿ ಹುಡುಕಿ ಒಂದು ಚೂರು ಕೊಟ್ಟರು. ಮೂಲೆ ಮುಚ್ಚಿತು.

ಅಕ್ಕೋರು ಮುಗದಕ್ಕೆ ಹೋದರು. ಮಿರಜಿನಲ್ಲಿ ಕಣ್ಣಿನ ಆಪರೇಷನ್ ಆಗಿ ಮತ್ತೆ ಕಾಣಿಸತೊಡಗಿತು ಎಂದು ಒಬ್ಬರು ಹೇಳಿದರು. ಕೊನೆಯವರೆಗೂ ಕಾಣಲಿಲ್ಲ, ತಮ್ಮನ ಹೆಂಡತಿಯೇ ಕೈಹಿಡಿದು ನಡೆಸುತ್ತಿದ್ದಳು ಎಂದು ಇನ್ನೊಬ್ಬರು. ಧಾರವಾಡದಿಂದ ಮುಗದಕ್ಕೆ ರೈಲಿನಲ್ಲಿ ಹೋಗಿ ಕೇಳಿ ಬರಬಹುದಿತ್ತು. ನಾನು ಹೋಗಲಿಲ್ಲ. ನನಗೆ ಗೊತ್ತಿಲ್ಲ.

ನನಗೆ ಹೊಸ ಪುಸ್ತಕ ಬಂತು. ಎಳೆಯ ಅಕ್ಕೋರು ಪ್ರತಿ ಸಾಲನ್ನೂ ಓದಿ ತಪ್ಪಿಗೆ ಸೊನ್ನೆ ಸುತ್ತುತ್ತಿದ್ದರು. ನಾನು ಪಾಠವನ್ನೇ ಬರೆಯುತ್ತಿದ್ದೆ. ಆದರೂ ನಾನು ಬರೆದ ಪುಟವನ್ನು ಅವ್ವ ಮೊದಲಿನಂತೆ ದೂರ ಹಿಡಿದು ನೋಡಿ ಬಿಡುತ್ತಿರಲಿಲ್ಲ. ಮೊದಲು ಓದಿಸುತ್ತಿದ್ದಳು. ನೇಗಿಲಿನ ಪಾಠವೋ, ಜೇನಿನ ಪಾಠವೋ, ಸೂಜಿ ಕೈಯಲ್ಲಿ ಹಿಡಿದುಕೊಂಡು ಕೊನೆಯವರೆಗೂ ಕೇಳುತ್ತಿದ್ದಳು. ಮುಗಿದ ಮೇಲೂ ಕೂಡಲೇ ಚುಚ್ಚುತ್ತಿರಲಿಲ್ಲ.

"ಇದರಾಗ ಯಾರದರ ಮನಿ ಮುಳುಗತೈತೇನು?" ಎಂದು ಕೇಳುತ್ತಿದ್ದಳು.

ಇಲ್ಲ ಎಂದರೆ ಹೊಲಿಯುತ್ತಿದ್ದಳು.